ಮಾವನ ಮೊಣಕಾಲಿಗೆ ಜಗ್ಗದ ಕುರಿಗಳು

ನನ್ನ ಗಂಡನ ಸೋದರಮಾವ ಹುಲಿ-ಕುರಿ ಆಟದಲ್ಲಿ ಸೋತದ್ದನ್ನು ಯಾರೂ ಕಂಡಿರಲಿಲ್ಲ. ಸೋಲು ಹತ್ತಿರ ಬಂತೆಂದರೆ ಅವರ ಮೊಣಕಾಲು ಮಣೆಗೆ ತಾಗುತ್ತಿತ್ತು.

ಅವರು ರಾಮದುರ್ಗದವರು. ಸವದತ್ತಿಯ ನಮ್ಮ ಅತ್ತೆಯ ಮನೆಗೆ ಬಂದಾಗಲೆಲ್ಲ ಪಡಸಾಲೆಯಲ್ಲಿ ಮಣೆ ಹಾಕಿಸುತ್ತಿದ್ದರು. ಮೂರು ಹುಲಿಗಳು ಯಾವಾಗಲೂ ಅವರವೇ. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನಬೇಕು. ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಕುರಿಗಳು ಸುತ್ತುಗಟ್ಟಬೇಕು. ಅಷ್ಟೇ ಆಟ.

ಹೋದ ವರ್ಷ ನಾದಿನಿಯ ಮಗುವಿನ ತೊಟ್ಟಿಲ ದಿನ ನಾನು ಅವರ ಎರಡು ಹುಲಿಗಳನ್ನು ಕಟ್ಟಿಹಾಕಿದ್ದೆ. ಮೂರನೆಯದಕ್ಕೆ ಒಂದೇ ದಾರಿ ಉಳಿದಿತ್ತು. ಮಾವ ಕೆಮ್ಮಿದರು, ಕಾಲು ಚಾಚಿದರು. ಕಾಯಿಗಳಾಗಿ ಇಟ್ಟಿದ್ದ ಹುಣಸೆಬೀಜಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಅಯ್ಯ, ಚೆಲ್ಲಿ ಹೋತಲ್ಲ! ಇರ್ಲಿ ಬಿಡವಾ, ಹೆಂಗೂ ನೀ ಸೋಲಾಕಿನ ಇದ್ದಿ," ಎಂದರು.

"ಇಲ್ರೀ ಮಾಮಾ, ನಿಮ್ಮ ಹುಲಿ ಸಿಕ್ಕಿದ್ವು."

"ಬ್ಲೌಜ್ ಹೊಲಿಯೂದಲ್ಲವಾ ಇದು. ತಲಿ ಬೇಕು."

ಕೂತವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕರು. ನಾನು ಬಗ್ಗಿ ಎಲ್ಲರ ಕಾಲ ಸಂದಿಯಿಂದ ಬೀಜ ಆರಿಸಿದೆ. ಆರಿಸುತ್ತಲೇ ತೀರ್ಮಾನ ಮಾಡಿದೆ: ಇವರನ್ನು ಇದೇ ಪಡಸಾಲೆಯಲ್ಲಿ ಸೋಲಿಸಬೇಕು, ಇದೇ ಮಂದಿಯ ಮುಂದೆ.

ಬೈಲಹೊಂಗಲದ ಮನೆಯಲ್ಲಿ ನಾನು ಬ್ಲೌಸು, ಪರ್ಸು ಹೊಲಿಯುತ್ತೇನೆ. ಪರ್ಸಿನ ಬಾಯಿಗೆ ಹಾಕುವ ಮ್ಯಾಗ್ನೆಟ್ ಗುಂಡಿಗಳು ಡಬ್ಬಿಯಲ್ಲಿದ್ದವು. ಮೊದಲು ಒಂದನ್ನು ಊಟದ ಸ್ಟೀಲ್ ತಾಟಿನ ಮೇಲಿಟ್ಟು ನೋಡಿದೆ, ಅಂಟಲೇ ಇಲ್ಲ. ಎಣ್ಣೆಡಬ್ಬಿ ಕತ್ತರಿಸಿ ಚಪ್ಪಟೆ ಮಾಡಿದೆ. ಅಂಟಿತು, ಆದರೆ ತಗಡು ತೆಳುವಾದ್ದರಿಂದ ಓರೆ ಹಿಡಿದರೆ ಜಾರುತ್ತಿತ್ತು. ಕೊನೆಗೆ ಟ್ರಂಕು ಮಾಡುವ ಸಾಬರ ಹತ್ತಿರ ಹೋದೆ.

"ಇಷ್ಟ್ ದಪ್ಪಂದು ಯಾಕ್ ಬೇಕ್ರಿ ಅಕ್ಕಾರ?"

"ಒಬ್ಬರ ಸೊಕ್ಕು ಮುರೀಬೇಕಾಗೇತ್ರಿ."

ಅವರು ನಕ್ಕು, ಅಂಚು ಮಡಚಿದ ಗಟ್ಟಿ ತಗಡು ಕೊಟ್ಟರು.

ತೆಳು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಿಂದ ಆಟದ ಗೆರೆಗಳನ್ನು ಮಶೀನಿನಲ್ಲೇ ಹೊಲಿದು ತಗಡಿಗೆ ಬಿಗಿದೆ. ಗುಂಡಿಗಳ ಹಿಂದಿನ ಮುಳ್ಳು ಕತ್ತರಿಸಿ, ಮೇಲ್ಭಾಗಕ್ಕೆ ಮಾತ್ರ ಹುಲಿಗೆ ಹಳದಿ, ಕುರಿಗೆ ಕರಿ ಬಟ್ಟೆ ಹೊದಿಸಿದೆ. ಇಟ್ಟು ನೋಡಿದರೆ ಹೊಸ ಪೀಕಲಾಟ: ಕೆಲವು ಕುರಿಗಳು ಪಕ್ಕದ ಹುಲಿಗೇ ಹಾರಿ ಅಂಟಿಕೊಳ್ಳುತ್ತಿದ್ದವು! ಎಲ್ಲ ಗುಂಡಿಗಳ ಅಯಸ್ಕಾಂತದ ಒಂದೇ ಧ್ರುವ ಕೆಳಗೆ ಬರಬೇಕೆಂದು ಗೊತ್ತಾಗಲು ಬಹಳ ಗುಂಡಿಗಳು ಹಾಳಾದವು. ಎಲ್ಲ ಬಿಚ್ಚಿ, ಒಂದೊಂದರ ಅಡಿಗೂ ಗುರುತಿಗೆ ನೇಲ್‌ಪಾಲಿಶ್ ಚುಕ್ಕೆ ಇಟ್ಟು, ಗೆರೆಗಳನ್ನು ದೂರ ದೂರ ಮಾಡಿ ಮತ್ತೆ ಹೊಲಿದೆ. ಆಮೇಲೆ ಮಣೆಯನ್ನು ನೆಟ್ಟಗೆ ಹಿಡಿದೆ, ಬೋರಲು ಹಿಡಿದೆ. ಮಾವನ ಮುಖ ನೆನೆಸಿಕೊಂಡು ಮೊಣಕಾಲಿಂದ ಒದ್ದೆ. ಒಂದೂ ಜರುಗಲಿಲ್ಲ.

ದೀಪಾವಳಿಗೆ ಮಣೆ ಹಿಡಿದು ಸವದತ್ತಿಗೆ ಹೋದೆ. ಮಾವನೂ ಬಂದರು. ಮಣೆ ನೋಡಿ, "ಚಂದ ಹೊಲದಿಯವಾ," ಎಂದರು. ಮಂದಿ ಸುತ್ತ ಕೂತರು. ನಾನು ಅವಸರ ಮಾಡಲಿಲ್ಲ. ಕೆಲವು ಕುರಿಗಳನ್ನು ತಿನ್ನಲು ಬಿಟ್ಟೆ. ಎರಡು ಹುಲಿ ಸಿಕ್ಕಿಬಿದ್ದ ಮೇಲೆ ಕೆಮ್ಮು ಬಂತು. ಕಾಲೂ ಬಂತು. ಮಣೆ ಎಗರಿ ಬಿತ್ತು. ಕುರಿಗಳು ಇದ್ದಲ್ಲೇ ಇದ್ದವು. ಮಾವ ಇನ್ನೊಮ್ಮೆ ಜೋರಾಗಿ ತಾಗಿಸಿದರು, ಆಮೇಲೆ ಕೈಯಿಂದಲೇ ಅಂಚು ಎತ್ತಿ ಓರೆ ಮಾಡಿದರು.

"ಇದೇನವಾ, ಮಾಟಾ ಗೀಟಾ ಮಾಡಿಸೀಯೇನ?"

ನಾನು ಮಣೆಯನ್ನು ಎತ್ತಿ ಅವರ ಕಣ್ಣ ಮುಂದೆ ಬೋರಲು ಹಿಡಿದೆ. "ನೋಡ್ರಿ ಮಾಮಾ, ನಿಮ್ಮ ಹುಲಿ ಎಲ್ಲಿದ್ವು ಅಲ್ಲೇ ಅದಾವು. ಈಗ ನಿಮ್ಮ ಪಾಳಿ."

ಇದ್ದ ಒಂದೇ ದಾರಿಯಲ್ಲಿ ಹುಲಿ ಸರಿಸಿದರು. ನಾನು ಕೊನೆಯ ಕುರಿ ತಂದು ಮುಚ್ಚಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯೇ ಹೇಳಿದರು: "ಸೋತೆ ಅಂತ ಬಾಯಿ ಬಿಟ್ಟ್ ಹೇಳ್ರಲಾ."

"ಸೋತೆ," ಎಂದರು ಮಾವ, ನೆಲ ನೋಡುತ್ತ.

"ಕೇಳಿಸಲಿಲ್ರೀ ಮಾಮಾ."

ಅವರು ಮತ್ತೆ ಹೇಳಬೇಕಾಯಿತು, ಎಲ್ಲರಿಗೂ ಕೇಳುವಂತೆ.

ಬೈಲಹೊಂಗಲಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಗಂಡ, "ಸೋತೆ ಅಂತ ಎರಡನೇ ಸಲ ಅನಸಬಾರದಿತ್ತು. ಹಿರಿಯಾರು," ಎಂದರು.

"ಮೂರನೇ ಸಲಾನೂ ಅನಸಾಕಿ ಇದ್ದೆ," ಎಂದೆ.

ಅವರು ತಮ್ಮ ತೊಡೆಯ ಮೇಲಿದ್ದ ಮಣೆಯ ಚೀಲವನ್ನು ನನ್ನ ತೊಡೆಗೆ ದಾಟಿಸಿ ಆಚೆ ತಿರುಗಿ ಕೂತರು. ನನಗೇನೂ ಬೇಸರವಾಗಲಿಲ್ಲ.