ಒಂದೇ ಪಾತ್ರೆಯ ಭಾನುವಾರ

ಸ್ಯಾಕ್ಸನಿ ಸೀಮೆಯ ನಮ್ಮೂರಿನಲ್ಲಿ ಇಂದಿಗೂ ಕೆಲವರು, "ಏನೇ ಅನ್ನಿ ಮೇಷ್ಟ್ರೇ, ಆ ನಾಯಕ ಬಂದ್ಮೇಲೆ ಎಲ್ರಿಗೂ ಕೆಲಸ ಸಿಕ್ತು" ಎನ್ನುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರು ಒಟಿಲಿ ಹಾರ್ಟುಂಗ್ ಎಂಬವಳನ್ನು ಮರೆತಿದ್ದಾರೆ. ನಮ್ಮ ಎದುರು ಮನೆಯವಳಾದ್ದರಿಂದ ನಾನು ಮರೆಯಲಾರೆ.

ಒಟಿಲಿ ಕಾಲುಚೀಲದ ಗಿರಣಿಯಲ್ಲಿ ಹೊಲಿಗೆಯ ಕೆಲಸದಲ್ಲಿದ್ದಳು. ಗಂಡ ಎಮಿಲ್ ಅಲ್ಲಿಯೇ ನೂಲಿಗೆ ಬಣ್ಣ ಹಾಕುತ್ತಿದ್ದ. ಅವಳು ಮೆಟ್ಟಿಲ ಮೇಲೆ ನಕ್ಕರೆ ಕೆಳಗಿನ ಅಂಗಡಿಯವನು ಕಾರಣ ತಿಳಿಯದೆಯೂ ನಗುತ್ತಿದ್ದ. ಸಾವಿರದ ಒಂಬೈನೂರ ಮೂವತ್ತರಲ್ಲಿ ಗಿರಣಿ ಮುಚ್ಚಿತು. ಆಗಿನ ಸರಕಾರ ತುರ್ತು ಆಜ್ಞೆ ಹೊರಡಿಸಿ ನಿರುದ್ಯೋಗ ಭತ್ಯೆಯನ್ನು ಕಡಿತ ಮಾಡಿತು. ಹಸಿದವರ ತಟ್ಟೆಯಿಂದ ಉಳಿತಾಯ ಮಾಡಹೊರಟ ಆ ಪಂಡಿತರನ್ನೂ ನಾನು ಕ್ಷಮಿಸಿಲ್ಲ.

ಆದರೆ ಆಗ ಬಯ್ಯುವುದಕ್ಕೆ ಜಾಗವಿತ್ತು. ಮರುವರ್ಷದ ಚಳಿಗಾಲದಲ್ಲಿ ಒಟಿಲಿ ಗಂಜಿಕೇಂದ್ರದ ಸಾರನ್ನು ಪಾತ್ರೆಸಮೇತ ಹೊತ್ತು, ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಪುರಭವನಕ್ಕೆ ಹೋದಳು. ಮೇಯರ್ ಹೊರಗೆ ಬಂದರು.

"ತಗೊಳ್ಳಿ ಸ್ವಾಮಿ, ಒಂದು ಸೌಟು ಕುಡೀರಿ. ಭಾಷಣ ಆಮೇಲೆ."

"ಅಮ್ಮಾ, ಬೊಕ್ಕಸದಲ್ಲಿ ಏನೂ ಇಲ್ಲ..."

"ಇದ್ರಲ್ಲೂ ಏನೂ ಇಲ್ಲ. ಅದನ್ನೇ ನೋಡಿ ಅಂತಿರೋದು!"

ಅವರು ಕುಡಿದು ಮುಖ ಕಿವುಚಿದರು. ಪೊಲೀಸರೂ ನಕ್ಕರು. ಸುದ್ದಿ ಪತ್ರಿಕೆಯಲ್ಲಿ ಬಂತು. ಸಾರಿನಲ್ಲಿ ಬಟಾಣಿಯೂ ಮೂಳೆಯೂ ಕಾಣಿಸಿಕೊಂಡವು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದರೂ ಒಟಿಲಿಯನ್ನು ಯಾರೂ ಹಿಡಿಯಲಿಲ್ಲ, ನಿಶ್ಚಿಂತೆಯಿಂದ ಮನೆಗೆ ಬಂದಿದ್ದಳು.

ಮುಂದೆ ಮೂವತ್ತಮೂರರಲ್ಲಿ ನಾಯಕ ಅಧಿಕಾರಕ್ಕೆ ಬಂದ. ಎಮಿಲ್‌ಗೆ ಹೆದ್ದಾರಿಯಲ್ಲಿ ಮಣ್ಣು ಅಗೆಯುವ ಕೆಲಸ ಸಿಕ್ಕಿತು, ನಿಜ. ಜೊತೆಗೆ ಒಂದು ಹೊಸ ಕಟ್ಟಳೆಯೂ ಬಂತು. ಚಳಿಗಾಲದಲ್ಲಿ ತಿಂಗಳಿಗೊಂದು ಭಾನುವಾರ ಎಲ್ಲರೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣಬೇಕು. ಹಾಗೆ ಉಳಿಸಿದ ಹಣವನ್ನು ಬಡವರ ನಿಧಿಗೆ ಕೊಡಬೇಕು. ದಾನವೆಂದು ಹೆಸರು. ಕೊಡದವರ ಮನೆಯನ್ನು ಗುರುತಿಟ್ಟುಕೊಳ್ಳುತ್ತಿದ್ದರು! ನಮ್ಮ ಬೀದಿಗೆ ವಸೂಲಿಗೆ ಬರುತ್ತಿದ್ದವನು ನಾಯಕನ ಪಕ್ಷದ ಕ್ರೌಜೆ. ಅವನು ನೇರ ಅಡುಗೆಮನೆಗೆ ನುಗ್ಗಿ ಮುಚ್ಚಳ ಎತ್ತಿ ನೋಡುತ್ತಿದ್ದ.

ಅಂಥದೊಂದು ಭಾನುವಾರ ನಮ್ಮ ಮನೆಯ ಬಾಗಿಲಿಗೂ ಒಟಿಲಿ ಮತ್ತು ಕ್ರೌಜೆಯ ಮಾತು ಕೇಳಿಸಿತು.

"ನಮ್ಮನೇಲಿ ದಿನಾ ಒಂದೇ ಪಾತ್ರೆ ಕಣಪ್ಪ. ಉಳಿಸೋಕೆ ಎರಡನೇದು ಎಲ್ಲಿದೆ?"

"ಒಟಿಲಕ್ಕ, ನಾಯಕರೂ ಇವತ್ತು ಇದನ್ನೇ ಉಣ್ತಾರೆ."

"ಹಾಗಾದ್ರೆ ಕರ್ಕೊಂಬಾ ಅವ್ರನ್ನ, ಒಂದು ಸೌಟು ಕುಡೀಲಿ. ಮೇಯರ್ ಸಾಹೇಬ್ರು ಕುಡೀಲಿಲ್ವಾ?"

ಎಮಿಲ್ ಗಟ್ಟಿಯಾಗಿ ನಕ್ಕುಬಿಟ್ಟ. ಕ್ರೌಜೆ ನಗಲಿಲ್ಲ.

ದೊರೆತನ ಬದಲಾದರೂ ದೊರೆಗಳ ಕಿವಿ ಮೊದಲಿನಂತೆಯೇ ಇರುತ್ತದೆಂದು ಒಟಿಲಿ ನಂಬಿದ್ದಳು. ಮಾರನೆಯ ದಿನ ಎಮಿಲ್‌ನನ್ನು ಕೆಲಸದ ಜಾಗದಿಂದಲೇ ಎಳೆದುಕೊಂಡು ಹೋದರು. ಆ ಸೆರೆಗೆ 'ರಕ್ಷಣಾ ಬಂಧನ' ಎಂದು ಹೆಸರು. ಯಾರನ್ನು ಯಾರಿಂದ ರಕ್ಷಿಸಿದರೋ!

ಒಟಿಲಿ ಪಕ್ಷದ ಕಚೇರಿಗೆ ಓಡಿದಳು.

"ಬಾಯಿ ನಂದು ಸ್ವಾಮಿ. ಅವನನ್ನ ಬಿಡಿ, ನನ್ನ ಹಾಕಿ ಒಳಗೆ."

"ನಿನ್ನ ಬಾಯಿ ನಮಗೆ ಬೇರೆ ಕೆಲಸಕ್ಕೆ ಬೇಕು," ಎಂದನಂತೆ ಅಧಿಕಾರಿ. "ಬರೋ ಸಲದ ಒಂದೇ ಪಾತ್ರೆ ಊಟ ಚೌಕದಲ್ಲಿ, ಸಾರ್ವಜನಿಕವಾಗಿ. ನೀನು ಬಡಿಸ್ತೀಯ. ಫೋಟೋ ತೆಗೀತಾರೆ. ನಗ್ತಾ ಇರ್ಬೇಕು, ತಿಳೀತಾ? ಗಂಡ ಬರೋದು ಬಿಡೋದು ಅದರ ಮೇಲೆ."

ಅವಳು ಬಡಿಸಿದಳು. ನಕ್ಕಳು. ಪತ್ರಿಕೆಯಲ್ಲಿ ಆ ಚಿತ್ರ, 'ನಾಯಕರಿಗೆ ಋಣಿಯಾದ ಕಾರ್ಮಿಕ ಗೃಹಿಣಿ' ಎಂಬ ಶೀರ್ಷಿಕೆಯೊಡನೆ ಅಚ್ಚಾಯಿತು. ಒಬ್ಬ ಹೆಂಗಸಿನ ನಗೆಯನ್ನು ಹೀಗೆ ಜಪ್ತಿ ಮಾಡಿದವರನ್ನು ಆರ್ಥಿಕ ತಜ್ಞರೆಂದು ಹೊಗಳುವವರಿಗೆ ಏನು ಹೇಳಲಿ?

ವಸಂತದಲ್ಲಿ ಎಮಿಲ್ ಮರಳಿದ. ನನ್ನ ಹೆಂಡತಿ ಮಾಡಿದ ರೊಟ್ಟಿಯನ್ನು ಕೊಡಲು ನಾನು ಹೋದಾಗ ಅವನು ಮೇಜಿನ ಮುಂದೆ ಕುಳಿತಿದ್ದ. ಮುಂದಿನ ಹಲ್ಲುಗಳಿರಲಿಲ್ಲ.

"ಯಾರು ಹೊಡೆದ್ರು ನಿಂಗೆ?" ಎಂದಳು ಒಟಿಲಿ.

"ಬಿದ್ದೆ."

"ಎಲ್ಲಿ ಬಿದ್ದೆ? ಹೇಗೆ ಬಿದ್ದೆ?"

ಅವನು ನನ್ನತ್ತ ನೋಡಿದ. ನಾನು ಮುಚ್ಚದೆ ಬಂದಿದ್ದ ಬಾಗಿಲತ್ತ ನೋಡಿದ. ಸೆರೆಯಲ್ಲಿ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿ ಬಂದಿದ್ದನಂತೆ.

"ಒಟಿಲಿ, ಬಿದ್ದೆ ಅಂದ್ನಲ್ಲ."

ಅವಳು ನಾನು ತಂದ ರೊಟ್ಟಿಯ ಗಟ್ಟಿ ಅಂಚನ್ನು ಸುತ್ತಲೂ ಕತ್ತರಿಸಿ ತೆಗೆದಳು. ಮೆದುವಾದದ್ದನ್ನು ಹಾಲಿನಲ್ಲಿ ನೆನೆಸಿ ಅವನ ಮುಂದಿಟ್ಟಳು.