ಪಾಷಾ ಸಾಬರ ಜೇಬಿನ ವೈರು

ಕೆ.ಆರ್. ಪೇಟೆಯ ಅಹಮದ್ ಪಾಷಾ ಯಾರ ಮನೆಗೆ ಹೋಂ ಥಿಯೇಟರ್ ಕೂಡಿಸಲು ಹೋದರೂ ಮೊದಲು ಮಾಡುವ ಕೆಲಸ ಒಂದೇ. ಡಬ್ಬ ಬಿಚ್ಚಿ, ಕರೆಂಟಿನ ವೈರು ಎಲ್ಲಿದೆ ಅಂತ ಹುಡುಕಿ, ಅದನ್ನು ನಾಲ್ಕು ಸುತ್ತು ಸುತ್ತಿ ತಮ್ಮ ಜುಬ್ಬದ ಜೇಬಿಗೆ ಇಳಿಸಿಕೊಳ್ಳುವುದು. ಸ್ಪೀಕರಿನದು, ಟಿವಿಯದು, ದೊಡ್ಡ ಪೆಟ್ಟಿಗೆಯದು, ಎಲ್ಲಾ ವೈರೂ ಸೇರಬೇಕಾದ ಕಡೆ ಸೇರಿ, ಅವರು ಒಂದೊಂದನ್ನೂ ಎರಡೆರಡು ಸಲ ಎಳೆದು ನೋಡಿದ ಮೇಲೆಯೇ ಆ ವೈರು ಜೇಬಿನಿಂದ ಈಚೆಗೆ ಬರುವುದು. ಅಲ್ಲಿಯವರೆಗೆ ಮನೆಯವರು ಕಾಫಿ ಕೊಟ್ಟರೂ ಬರುವುದಿಲ್ಲ, ಬೈದರೂ ಬರುವುದಿಲ್ಲ.

ಇದು ಸುಮ್ಮನೆ ಬಂದ ಅಭ್ಯಾಸವಲ್ಲ. ಪಾಂಡವಪುರದ ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತು ಹೊರಬಿದ್ದ ಹೊಸದರಲ್ಲಿ, ಶ್ರೀರಂಗಪಟ್ಟಣದ ಒಂದು ಮದುವೆ ಮನೆಯಲ್ಲಿ ಪಾಷಾ ಎರಡು ಕೈಯಲ್ಲಿ ಎರಡು ವೈರು ಹಿಡಿದು ನಿಂತಿದ್ದರು. ಹೆಣ್ಣಿನ ಸೋದರಮಾವ ಕರೆಂಟು ಇದೆಯೋ ಇಲ್ಲವೋ ನೋಡೋಣ ಅಂತ ಸ್ವಿಚ್ಚು ಒತ್ತಿದ. ಪಾಷಾ ಹೋಗಿ ಬಾಳೆಎಲೆಯ ರಾಶಿಯ ಮೇಲೆ ಬಿದ್ದರು. ಪೆಟ್ಟಿಗೆ ಸುಟ್ಟು, ಗಂಡಿನ ಕಡೆಯವರು ಹಾಡಿಲ್ಲದೆ ಊಟ ಮಾಡಿ ಹೋದರು. ಅದೇ ಕೊನೆ. ಆಮೇಲೆ ಮೂವತ್ತೆರಡು ವರ್ಷ, ನಾಗಮಂಗಲದವರೆಗೂ ತಿರುಗಿ ಕೆಲಸ ಮಾಡಿದರೂ ಅವರ ಕೈಯಲ್ಲಿ ಒಂದು ಪೆಟ್ಟಿಗೆಯೂ ಸುಟ್ಟಿಲ್ಲ. ಅವರ ಹೆಂಡತಿ ಖತೀಜಾ ಬೀ ಮಾತ್ರ, "ಬೀಗದ ಕೈ ಎಲ್ಲಿಟ್ಟೆ ಅಂತ ಈ ಮನುಷ್ಯಂಗೆ ನೆನಪಿರಾಕಿಲ್ಲ. ಜುಬ್ಬ ನೆನೆ ಹಾಕಿದ್ರೆ ಬಕೀಟಲ್ಲಿ ವೈರು ತೇಲ್ತದೆ" ಅನ್ನುತ್ತಾರೆ.

ಈಚೆಗೆ ಬಸ್ ಸ್ಟ್ಯಾಂಡಿನ ಹತ್ತಿರ ನಯಾಜ್ ಅನ್ನುವವನು ಹೊಸ ಅಂಗಡಿ ಇಟ್ಟಿದ್ದಾನೆ. ಹತ್ತು ನಿಮಿಷದಲ್ಲಿ ಕೂಡಿಸಿ ಹಾಡು ಹಾಕಿಸುತ್ತಾನೆ. ಪಾಷಾ ಅವರ ಹಳೆಯ ಮನೆಗಳು ಒಂದೊಂದೇ ಆ ಕಡೆ ಹೊರಟಿವೆ. ಅವರ ಹತ್ತಿರ ಉಳಿದಿರುವುದು ಆ ಮೂವತ್ತೆರಡು ವರ್ಷದ ಹೆಸರು. ಒಂದು ಪೆಟ್ಟಿಗೆ ಸುಟ್ಟರೆ ಅದೂ ಹೋಯಿತು, ಮಿಕ್ಕ ಮನೆಗಳೂ ಹೋದವು. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ಶುಕ್ರವಾರ ಶೀಳನೆರೆಯ ಕುಳ್ಳಯ್ಯನ ಮನೆಯಿಂದ ಕರೆ ಬಂತು. ಸೊಸೆ ಪವಿತ್ರ ಗಾರ್ಮೆಂಟ್ಸಿನಲ್ಲಿ ದುಡಿದು ಹೋಂ ಥಿಯೇಟರ್ ತಂದಿದ್ದಳು. ಪಾಷಾ ಒಂಬತ್ತಕ್ಕೇ ಟಿವಿಎಸ್ ಗಾಡಿಯಲ್ಲಿ ಹೋಗಿ, ವೈರು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕೂತರು.

ಕುಳ್ಳಯ್ಯ ಒಂದು ಎಕ್ಸ್‌ಟೆನ್ಷನ್ ಬೋರ್ಡು ತಂದು ಮುಂದಿಟ್ಟ. ಅದರಲ್ಲಿ ಆಗಲೇ ಫ್ರಿಜ್ಜು, ಮಿಕ್ಸಿ ಎರಡೂ ನೇತಾಡುತ್ತಿದ್ದವು.

"ಇದ್ರಲ್ಲಿ ಇನ್ನೊಂದು ತೂತು ಖಾಲಿ ಐತೆ ನೋಡಿ ಸಾಬ್ರೇ."

"ತೂತು ಐತೆ ಅಣ್ಣಾ, ತಾಕತ್ತು ಇಲ್ಲ. ಗೋಡೇಲಿ ಬೇರೆ ಸಾಕೆಟ್ಟು ತೋರ್ಸಿ."

ಕುಳ್ಳಯ್ಯನ ಹೆಂಡತಿ ಪುಟ್ಟತಾಯಮ್ಮ ತಾವೇ ಹೆಣೆದ ಕ್ರೋಶಾ ಬಟ್ಟೆ ತಂದು ಪೆಟ್ಟಿಗೆಗೆ ಹೊದಿಸಿದರು. ಪಾಷಾ ಅದನ್ನು ಮಡಿಸಿ ವಾಪಸ್ಸು ಕೊಟ್ಟರು. "ಇದು ಬಿಸಿ ಆಯ್ತದೆ ಅಕ್ಕಾ. ಮೇಲುಗಡೆ ತೂತು ಅವಲ್ಲ, ಅದೇ ಇದರ ಮೂಗು. ಮುಚ್ಚಬಾರ್ದು."

"ಮತ್ತೆ ದೂಳು?"

"ದೂಳು ಒರೆಸ್ಬೋದು. ಹೊಗೆ ಒರೆಸಾಕಾಗಾಕಿಲ್ಲ."

ಪವಿತ್ರ ಮಾತ್ರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು. ಪೆಟ್ಟಿಗೆಯ ಬೆನ್ನಿನಲ್ಲಿ ವೈರು ಸಿಕ್ಕಿಸುವ ಹತ್ತು ಗುಬುಟುಗಳಿದ್ದವು, ಐದು ಕೆಂಪು, ಐದು ಕಪ್ಪು. ಕೆಂಪಿನ ವೈರು ಕೆಂಪಿಗೆ, ಕಪ್ಪಿನದು ಕಪ್ಪಿಗೆ. ಒಳಗಿನ ತಾಮ್ರದ ಎಳೆಗಳನ್ನು ದೀಪದ ಬತ್ತಿಯ ಹಾಗೆ ಹೊಸೆಯಬೇಕು. ಒಂದೇ ಒಂದು ಎಳೆ ಜಾರಿ ಪಕ್ಕದ ಗುಬುಟಿಗೆ ತಾಗಿದರೂ ಪೆಟ್ಟಿಗೆಯ ಕತೆ ಮುಗಿಯಿತು. ಅವಳು ಎರಡು ಬತ್ತಿ ಹೊಸೆದು ತೋರಿಸಿದಳು. ಪಾಷಾ ತಲೆಯಾಡಿಸಿದರು.

ಹತ್ತು ಗಂಟೆ ಆಯಿತು. ಪಾಷಾ ಸ್ಟೂಲು ಹತ್ತಿ, ಗೋಡೆಗೆ ಮುಖ ಮಾಡಿ ಹಿಂದಿನ ಸ್ಪೀಕರಿಗೆ ಮೊಳೆ ಹೊಡೆಯುತ್ತಿದ್ದರು. ಪವಿತ್ರ ಕೆಳಗೆ ಸ್ಟೂಲು ಹಿಡಿದಿದ್ದಳು. ಇಳಿದು ತಿರುಗಿ ನೋಡಿದರೆ ಪೆಟ್ಟಿಗೆಯ ಮುಂದೆ ದೀಪ ಉರಿಯುತ್ತಿತ್ತು, ನೆತ್ತಿಯ ಮೇಲೆ ಕನಕಾಂಬರ ಇತ್ತು. ಪುಟ್ಟತಾಯಮ್ಮ ಮಾವಿನೆಲೆಯಲ್ಲಿ ಮೂರನೆಯ ಸಲ ಅರಿಶಿನದ ನೀರು ಚಿಮುಕಿಸಿ, ಕೈ ಮುಗಿಯುತ್ತಿದ್ದರು. ಪೆಟ್ಟಿಗೆಯ ಬೆನ್ನಿನ ಹತ್ತು ಗುಬುಟಿಗೂ ನೀರಲ್ಲಿ ಕಲಸಿದ ಕುಂಕುಮ ದಪ್ಪಗೆ ಕೂತಿತ್ತು. ಹತ್ತೂ ಕೆಂಪು.

"ಅಕ್ಕಾ, ಇದೇನ್ ಮಾಡ್ಬುಟ್ರಿ?"

"ಪೂಜೆ ಮಾಡ್ದೆ. ಮೊನ್ನೆ ಮೋಟ್ರಿಗೂ ಮಾಡಿದ್ನಲ್ಲ."

"ಈಗ ಕೆಂಪು ಯಾವ್ದು, ಕಪ್ಪು ಯಾವ್ದು?"

"ಅದ್ರಾಗೆ ಏನು ಭೇದ ಸಾಬ್ರೇ? ಕೆಂಪುಕ್ಕೆ ಇಟ್ಟು ಕರೀದನ್ನ ಬುಟ್ರೆ ಅದು ಮುನಿಸ್ಕಳಾಕಿಲ್ವಾ?"

ಪಾಷಾ ಜೇಬು ಮುಟ್ಟಿ ನೋಡಿಕೊಂಡರು. ವೈರು ಇತ್ತು. ಅದು ಗೋಡೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದು, ಅಲ್ಲೇ ಸ್ಟೂಲಿನ ಮೇಲೆ ಕೂತರು.

ಕುಳ್ಳಯ್ಯ ಗಡಿಯಾರ ನೋಡಿದ. "ಹತ್ತೂವರೆಗೆ ರಾಹುಕಾಲ. ಅಷ್ಟ್ರೊಳಗೆ ಒಂದ್ಸಲ ಗುಯ್ ಅನ್ಸ್ಬುಡಿ ಸಾಕು."

"ಗುಯ್ ಅನ್ನಾಕಿಲ್ಲ ಅಣ್ಣಾ. ಡಬ್ ಅಂತದೆ. ಒಳಕ್ಕೆ ನೀರು ಹೋಗೈತೆ, ಒಣಗಬೇಕು."

"ನಯಾಜ್ ಆಗಿದ್ರೆ ಇಷ್ಟೊತ್ಗೆ ಎಲ್ಡು ಹಾಡು ಆಗೋಗಿರದು."

ಪಾಷಾ ಅವರ ಮುಖ ಸಣ್ಣದಾಯಿತು. ಪವಿತ್ರ ಎದ್ದು, "ಮಾವ, ಅವ್ರು ಏಳ್ದಂಗೆ ಆಗ್ಲಿ ಬುಡಿ. ಸುಟ್ಟೋದ್ರೆ ನಿಮ್ ನಯಾಜ್ ತಂದ್ಕೊಟ್ಟಾನಾ?" ಅಂದಳು. ಕುಳ್ಳಯ್ಯ ಬೀಡಿ ಹಚ್ಚಿಕೊಂಡು ಜಗಲಿಗೆ ಹೋದ.

ಪಾಷಾ ಅರಳೆಯಲ್ಲಿ ಒಂದೊಂದೇ ಗುಬುಟು ಒರೆಸಿದರು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಫ್ಯಾನಿನ ಕೆಳಗಿಟ್ಟರು. ಹನ್ನೆರಡಾಯಿತು. ಜುಮ್ಮಾ ನಮಾಜಿಗೆ ಪೇಟೆಗೆ ಹೋಗಬೇಕು. "ನಾನು ಬರೋಗಂಟ ಯಾರೂ ಮುಟ್ಟಬ್ಯಾಡಿ" ಅಂತ ಗಾಡಿ ಹತ್ತಿದರು.

"ವೈರು ಬುಟ್ಟೋಗಿ" ಅಂದ ಕುಳ್ಳಯ್ಯ.

"ಅದು ನಂಜೊತೆ ಬತ್ತದೆ."

"ನಮ್ ಮೇಲೆ ನಂಬ್ಕೆ ಇಲ್ವಾ?"

"ನಿಮ್ ಮೇಲೆ ಐತೆ ಅಣ್ಣಾ. ರಾಹುಕಾಲ ಮುಗೀತಲ್ಲ, ಅದ್ರ ಮೇಲೆ ಇಲ್ಲ."

ಮಸೀದಿಯಲ್ಲಿ ನಮಾಜು ಮುಗಿಸಿ ಏಳುವಾಗ ವೈರು ಜೇಬಿನಿಂದ ಜಾರಿ ಚಾಪೆಯ ಮೇಲೆ ಬಿತ್ತು. ಪಕ್ಕದಲ್ಲಿದ್ದ ಜಫರ್ ಎತ್ತಿ ಕೊಡುತ್ತಾ, "ಚಾಚಾ, ಇದು ನಮ್ಮನೆ ಟೇಪ್ ರೆಕಾರ್ಡರ್ ವೈರಿನ ಥರಾನೇ ಐತಲ್ಲ" ಅಂದ.

ಪಾಷಾ ವೈರು ಕಿತ್ತುಕೊಂಡು ಹೊರಗೆ ಓಡಿದರು. ಪುಟ್ಟತಾಯಮ್ಮನ ಮನೆಯಲ್ಲೂ ಹಳೆಯ ಟೇಪ್ ರೆಕಾರ್ಡರ್ ಇತ್ತು. ಅದನ್ನು ರಿಪೇರಿ ಮಾಡಿಕೊಟ್ಟವರು ತಾವೇ. ಅದರ ವೈರು ಈ ಪೆಟ್ಟಿಗೆಗೂ ಸರಿಯಾಗಿ ಕೂರುತ್ತದೆ. ಮನೆಯಲ್ಲಿ ಖತೀಜಾ ಬೀ ಊಟಕ್ಕೆ ಕಾಯುತ್ತಿರುವುದೂ ಮರೆತು, ಶೀಳನೆರೆ ದಾರಿ ಹಿಡಿದರು. ಗಾಡಿ ಅದರ ಪಾಡಿಗೆ ನಿಧಾನವಾಗಿ ಹೋಗುತ್ತಿದ್ದರೆ, ಇವರು ಮೇಲೆ ಕೂತು ಬಗ್ಗಿ ಬಗ್ಗಿ ನೂಕುವವರ ಹಾಗೆ ಕಾಣುತ್ತಿದ್ದರು.

ಕುಳ್ಳಯ್ಯನ ಮನೆ ಕಂಡಿತು. ಬಾಗಿಲಿನಿಂದ ಬೆಳ್ಳಗೆ ಹೊಗೆ ಬರುತ್ತಿತ್ತು.

ಮೂವತ್ತೆರಡು ವರ್ಷ ಹೋಯಿತು ಅಂದುಕೊಂಡರು ಪಾಷಾ. ಗಾಡಿ ನಿಲ್ಲಿಸಿದರೋ, ಅದೇ ಬಿತ್ತೋ, ನೋಡಲಿಲ್ಲ. ಚಪ್ಪಲಿ ಸಮೇತ ನಡುಮನೆಗೆ ನುಗ್ಗಿದರು.

ನಡುಮನೆಯಲ್ಲಿ ಪುಟ್ಟತಾಯಮ್ಮ ಕಾಲು ನೀಡಿ ಕೂತಿದ್ದರು. ತೊಡೆಯ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಪೆಟ್ಟಿಗೆ. ಪಕ್ಕದಲ್ಲಿ ಕೆಂಡದ ಬೋಗುಣಿ. ಎಣ್ಣೆನೀರು ಹಾಕಿದ ಕೂಸಿಗೆ ಹಿಡಿಯುವ ಹಾಗೆ, ಬೀಸಣಿಗೆಯಲ್ಲಿ ಸಾಂಬ್ರಾಣಿ ಹೊಗೆಯನ್ನು ಪೆಟ್ಟಿಗೆಯ ಕಡೆಗೆ ಬೀಸುತ್ತಿದ್ದರು.

"ಬನ್ನಿ ಸಾಬ್ರೇ. ಒಣಗಬೇಕು ಅಂದ್ರಲ್ಲ. ಫ್ಯಾನ್ ಗಾಳೀಲಿ ಎಲ್ಲಿ ಒಣಗ್ತದೆ. ನನ್ ಮಕ್ಕಳನ್ನೆಲ್ಲ ಇಂಗೇ ಒಣಗ್ಸಿದ್ದು."

ಪಾಷಾ ಬಾಗಿಲಿಗೆ ಒರಗಿ ಉಸಿರು ಬಿಟ್ಟರು. ಹೊಗೆಗೆ ಕಣ್ಣಲ್ಲಿ ನೀರು ಬಂದಿತ್ತು. "ಕರೆಂಟು?"

"ಮಾವ ಟೇಪ್ ರೆಕಾರ್ಡ್ ವೈರು ಹುಡುಕ್ಕಂಡು ಬಂದಿದ್ರು" ಅಂದಳು ಪವಿತ್ರ. ಅವಳು ನೈಟಿ ಜೇಬಿನಿಂದ ನಾಲ್ಕು ಸುತ್ತು ಸುತ್ತಿದ ಹಳೆಯ ವೈರು ತೆಗೆದು ತೋರಿಸಿ, ಮತ್ತೆ ಒಳಗಿಟ್ಟಳು. ಕುಳ್ಳಯ್ಯ ಗೋಡೆ ನೋಡುತ್ತಿದ್ದ.

ಪಾಷಾ ಕೆಂಡ ಹೊರಗೆ ಕಳಿಸಿ, ಪೆಟ್ಟಿಗೆಯ ಒಳಗೆ ಬ್ಯಾಟರಿ ಬೆಳಕು ಬಿಟ್ಟು ಮೂಲೆ ಮೂಲೆ ನೋಡಿದರು. ನೀರು ಬರೀ ಒಳಗಿನ ತಗಡಿನ ಮೇಲೆ ನಿಂತಿತ್ತು, ಅದೂ ಒಣಗಿತ್ತು. ಆದರೂ ಇನ್ನೊಂದು ಗಂಟೆ ಫ್ಯಾನಿಗಿಟ್ಟರು. ಆಮೇಲೆ ಮುಚ್ಚಳ ಮುಚ್ಚಿದರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಸೌಂಡಿನ ತಿರುಪು ಸೊನ್ನೆಗೆ ತಂದರು. ಕೊನೆಗೆ ವೈರು ಚುಚ್ಚಿ, "ಮೊದ್ಲು ಟಿವಿ, ಆಮ್ಯಾಕೆ ಪೆಟ್ಟಿಗೆ. ನಿಲ್ಲಿಸುವಾಗ ಮೊದ್ಲು ಪೆಟ್ಟಿಗೆ" ಅಂತ ಪವಿತ್ರಳಿಗೆ ಹೇಳಿ, ಪುಟ್ಟತಾಯಮ್ಮನ ಕೈಯಲ್ಲೇ ಸ್ವಿಚ್ಚು ಒತ್ತಿಸಿದರು.

ಪೆಟ್ಟಿಗೆಯ ದೀಪ ಹತ್ತಿತು. ಸದ್ದಿಲ್ಲ.

"ಹೋಯ್ತು" ಅಂದ ಕುಳ್ಳಯ್ಯ.

ಪಾಷಾ ತಿರುಪನ್ನು ಮೆಲ್ಲಗೆ ತಿರುಗಿಸಿದರು. ಟಿವಿಯಲ್ಲಿ ಹೈನುಗಾರಿಕೆಯ ಕಾರ್ಯಕ್ರಮ ಬರುತ್ತಿತ್ತು. ಹಿಂದಿನ ಸ್ಪೀಕರಿನಲ್ಲಿ ಒಂದು ಕರು ಅಂಬಾ ಅಂತು. ಕುಳ್ಳಯ್ಯ ಎದ್ದು, "ಕರ ಬಿಚ್ಕಂಡ್ಬುಡ್ತು ಕಣಮ್ಮೀ" ಅಂತ ಕೊಟ್ಟಿಗೆಗೆ ಓಡಿದ. ಅವನು ಬೈದುಕೊಂಡು ವಾಪಸ್ಸು ಬರುವ ತನಕ ಅತ್ತೆ ಸೊಸೆ ಇಬ್ಬರೂ ನಗುತ್ತಲೇ ಇದ್ದರು. ಪುಟ್ಟತಾಯಮ್ಮ ಪಾಷಾ ಅವರಿಗೆ ಮುದ್ದೆ ಊಟ ಹಾಕಿಯೇ ಕಳಿಸಿದರು.

ನೀರು ಬಿದ್ದರೂ ಸುಡಲಿಲ್ಲ ಅನ್ನುವ ಸುದ್ದಿ ಆ ವಾರವೆಲ್ಲ ಸಂತೆಯಿಂದ ಸಂತೆಗೆ ಹೋಯಿತು. ಹೋಗುತ್ತಾ ಹೋಗುತ್ತಾ ಅದಕ್ಕೆ ಕೈಕಾಲೂ ಬಂತು. ಪಾಷಾ ಅವರನ್ನು ಮೂರು ಮನೆಯವರು ಕರೆದರು. ಮೊದಲು ಹೋದದ್ದು ಸಂತೆಬಾಚಹಳ್ಳಿಯ ಚಿಕ್ಕಸ್ವಾಮಿಯ ಮನೆಗೆ. ಅಲ್ಲಿ ಹೊಸ ಪೆಟ್ಟಿಗೆ ಟವೆಲ್ಲಿನ ಮೇಲೆ ಕೂತಿತ್ತು. ಪಕ್ಕದಲ್ಲಿ ಒಂದು ಚೊಂಬು ಬಿಸಿನೀರು, ನಿಗಿನಿಗಿ ಕೆಂಡ, ಒಂದು ಪೊಟ್ಟಣ ಸಾಂಬ್ರಾಣಿ.

"ಎಲ್ಲಾ ರೆಡಿ ಮಾಡಿವ್ನಿ ಸಾಬ್ರೇ" ಅಂದ ಚಿಕ್ಕಸ್ವಾಮಿ. "ನೀರು ನಾವೇ ಹುಯ್ಯದಾ, ನೀವ್ ಹುಯ್ತೀರಾ?"

ಪಾಷಾ ಚೊಂಬನ್ನು ಎತ್ತಿ ದೂರ ಇಟ್ಟರು. ಪೆಟ್ಟಿಗೆಯ ಹಣೆ ಮುಟ್ಟಿ ನೋಡಿದರು.

"ಇವತ್ತು ಬ್ಯಾಡಿ ಅಣ್ಣಾ. ಇದಕ್ಕೆ ಶೀತ ಆಗೈತೆ."