ಟೊಮೆಟೊ ಶೆಡ್ಡಿನಲ್ಲಿ ಮುಗಿದ ಯಕ್ಷಗಾನ

ಊರಿನಿಂದ ಭಾಗವತರು ಬರುತ್ತಾರೆ, ಶುಕ್ರವಾರ ಮಧ್ಯಾಹ್ನ ಕುವೈತಿನ ವಫ್ರಾದ ತೋಟದ ಮನೆಯೊಂದರ ಅಂಗಳದಲ್ಲಿ ಯಕ್ಷಗಾನ ಎಂದು ತಿಳಿದ ದಿನವೇ ನಾನು ಕೆಲಸ ಮಾಡುವ ಅಲ್ ರಾಯ್ ಪ್ರದೇಶದ ಶೋರೂಮಿನಲ್ಲಿ ರಜೆ ಹೇಳಿಟ್ಟೆ. ಹಿಂದಿನ ಎರಡು ವರ್ಷ ಆಟ ಮಳೆಯಿಂದ ನಿಂತುಹೋಗಿತ್ತು. ಇಲ್ಲಿಯ ಏಪ್ರಿಲ್ ತಿಂಗಳನ್ನು ನಂಬುವ ಹಾಗಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಫೋನಿಗೆ ಧೂಳುಗಾಳಿಯ ಎಚ್ಚರಿಕೆ ಬಂತು. ಡ್ಯೂಟಿಗೆ ಹೊರಟಿದ್ದ ಗಂಡ, "ಈ ಸಲ ಬಿಡು ಮಾರಾಯ್ತಿ, ವಿಡಿಯೋ ಹಾಕ್ತಾರೆ" ಎಂದರು.

"ವಿಡಿಯೋದಲ್ಲಿ ಚೆಂಡೆ ಎದೆಗೆ ಬಡಿಯುದಿಲ್ಲ. ನಾನು ಹೋಗುದೇ" ಎಂದು ರೇಷ್ಮೆ ಸೀರೆ ಉಟ್ಟೆ.

ಕಾರು ತಂದವಳು ರುಮೈಥಿಯಾದ ನಮ್ಮದೇ ಕಟ್ಟಡದ ಗೆಳತಿ, ಮನೆಯಲ್ಲಿ ಕೊಂಕಣಿ ಮಾತಾಡುವ ನರ್ಸ್. ಯಕ್ಷಗಾನವನ್ನು ಅವಳು ಒಮ್ಮೆಯೂ ಪೂರ್ತಿ ನೋಡಿದವಳಲ್ಲ. ಆದರೂ ಕೋಳಿ ಸುಕ್ಕ, ಒಂದು ಪೆಟ್ಟಿಗೆ ಮಾಸ್ಕ್, ಫ್ಲಾಸ್ಕಿನಲ್ಲಿ ಬಿಸಿನೀರು ಎಲ್ಲ ತಂದಿದ್ದಳು.

ಖರ್ಜೂರದ ಮರಗಳ ನಡುವೆ ರಂಗಸ್ಥಳ. ಆಟ ಶುರುವಾಗಿ ಒಂದು ಗಂಟೆಯಾಗಿರಬಹುದು, ಪಶ್ಚಿಮ ಕಂದು ಬಣ್ಣಕ್ಕೆ ತಿರುಗಿತು. ಗಾಳಿಗೆ ಪರದೆ ಹರಿಯಿತು, ಮೈಕ್ ಕೆಟ್ಟಿತು. "ಖಲಾಸ್, ಇವತ್ತಿಗೆ ನಿಲ್ಲಿಸುವ" ಎಂದು ಸಂಘಟಕರು ಕೈ ಎತ್ತಿದರು. ಅರ್ಧ ಜನ ಕಾರುಗಳತ್ತ ಓಡಿದರು.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ರಾಕ್ಷಸ ಇನ್ನೂ ಬರ್ಲೇ ಇಲ್ಲ! ಬೇರೆ ಜಾಗ ಇಲ್ವಾ?" ಎಂದು ಕೂಗಿದೆ. ಗೆಳತಿ ಆಗಲೇ ತೋಟದ ಕೆಲಸಗಾರನ ಹತ್ತಿರ ಹೋಗಿ ಹಿಂದಿಯಲ್ಲಿ ವಿಚಾರಿಸುತ್ತಿದ್ದಳು. ಕೊಯ್ಲು ಮುಗಿದ ಟೊಮೆಟೊ ಶೆಡ್ಡೊಂದು ಖಾಲಿ ಇತ್ತು. ಸಂಘಟಕರು ನನ್ನನ್ನು ನೋಡಿದರು, ಭಾಗವತರನ್ನು ನೋಡಿದರು. ಭಾಗವತರು ಜಾಗಟೆ ಎತ್ತಿಕೊಂಡು ಶೆಡ್ಡಿನತ್ತ ನಡೆದೇಬಿಟ್ಟರು.

ಉಳಿದವರು ಕುರ್ಚಿ ಹೊತ್ತೆವು. ಶೆಡ್ಡಿನ ಬಾಗಿಲು ಗಿಡ್ಡ. ರಾಕ್ಷಸ ವೇಷದವರು ಅಹ್ಮದಿಯ ತೈಲ ಕಂಪನಿಯಲ್ಲಿ ತಂತ್ರಜ್ಞರು. ಬಣ್ಣ ಹಚ್ಚಿಕೊಳ್ಳಲು ಬೆಳಿಗ್ಗೆಯೇ ಕೂತವರು. "ಕಿರೀಟ ಬಿಚ್ಚಿದ್ರೆ ಪುನಃ ಕಟ್ಲಿಕ್ಕೆ ಗಂಟೆ ಬೇಕು" ಎಂದು ಮೊಣಕಾಲೂರಿ, ತಲೆ ತಗ್ಗಿಸಿ, ತೆವಳಿಕೊಂಡೇ ಒಳಗೆ ಬಂದರು. ಯಾರೂ ನಗಲಿಲ್ಲ.

ಮೈಕಿಲ್ಲ. ಮೇಲೆ ಪ್ಲಾಸ್ಟಿಕ್ ಹೊದಿಕೆ ಪಟಪಟ ಬಡಿಯುತ್ತಿತ್ತು. ಭಾಗವತರು ಶ್ರುತಿ ಏರಿಸಿ ಅದರ ಮೇಲೆಯೇ ಹಾಡಿದರು. ಚೆಂಡೆಯ ಬಡಿತಕ್ಕೆ ರಾಕ್ಷಸ ಮಣ್ಣು ಹಾರಿಸಿಕೊಂಡು ಕುಣಿದಾಗ ಗೆಳತಿ ನನ್ನ ಕೈ ಹಿಡಿದು, "ಈಗ ಎಂತ ಹೇಳಿದ್ದು? ಬೇಗ ಹೇಳು" ಎಂದು ಕಿವಿಯಲ್ಲಿ ಪೀಡಿಸಿದಳು. ಮಾಸ್ಕಿನೊಳಗಿಂದಲೇ ಅರ್ಥ ಹೇಳುತ್ತಾ ಹೋದೆ. ಕಣ್ಣು ಉರಿಯುತ್ತಿತ್ತು, ಅದು ಧೂಳಿಗೆ ಮಾತ್ರ ಎಂದು ಹೇಳಲಾರೆ.

ಮಂಗಳ ಹಾಡಿದಾಗ ನಲವತ್ತು ಜನ ಎದ್ದು ನಿಂತೆವು. ಭಾಗವತರ ಗಂಟಲು ಪೂರ್ತಿ ಕಟ್ಟಿತ್ತು. ಗೆಳತಿ ಬಿಸಿನೀರು ಕೊಟ್ಟು, "ಎರಡು ದಿನ ಮಾತಾಡ್ಲೇಬಾರ್ದು" ಎಂದು ಗದರಿಸಿದಳು. ಅವರು ವಿಧೇಯರಾಗಿ ತಲೆಯಾಡಿಸಿ, ಅಂದಿನ ಆಟದಲ್ಲಿ ಎಲ್ಲಿ ತಾಳ ತಪ್ಪಿತೆಂದು ಅದೇ ಒಡೆದ ದನಿಯಲ್ಲಿ ಮದ್ದಳೆಯವರಿಗೆ ವಿವರಿಸತೊಡಗಿದರು.